ಕಿಡಿಗೇಡಿ ಯಾರು? ಉಷ್ಣವಲಯದ ಕಾಡ್ಗಿಚ್ಚಿನ ಅಧ್ಯಯನ ನಡೆದು ಬಂದ ದಾರಿ

ಜನವರಿ ಕಳೆಯುವ ಹೊತ್ತಿಗೆ ಗುಂಡ್ಲುಪೇಟೆ ದಾಟಿ ಊಟಿ ಕಡೆಗೆ ಹೋದವರು ನೋಡಿರುತ್ತೀರಿ. ಬಂಡೀಪುರದ ರಸ್ತೆಯ ಎರಡೂ ಬದಿಯಲ್ಲಿ ಪಟ್ಟಿ ಎಳೆದಂತೆ ನೆಲ ಕಪ್ಪಾಗಿರುತ್ತದೆ. ಕಾಡ್ಗಿಚ್ಚು ಬಿತ್ತೇನೋ ಎಂದು ಹೊಸಬರು ಗಾಬರಿಯಾಗುವುದುಂಟು. ಅದು ಕಾಡ್ಗಿಚ್ಚು ಬೀಳದಿರಲಿ ಎಂದು ಅರಣ್ಯ ಇಲಾಖೆಯೇ ಹಚ್ಚಿದ ಬೆಂಕಿಯ ಗುರುತು. ಹುಲ್ಲು, ಪೊದೆ ಸವರಿ, ಒಣಗಲು ಬಿಟ್ಟು, ಗಾಳಿ ತಗ್ಗಿದ ಹೊತ್ತು ನೋಡಿ ಸುಡುತ್ತಾರೆ. ಕಾಗದದಲ್ಲಿ ಅದಕ್ಕೆ ಬೆಂಕಿ ರೇಖೆ ಎಂದು ಹೆಸರು, ಕೆಲಸ ಮಾಡುವವರ ಬಾಯಲ್ಲಿ ಫೈರ್ ಲೈನ್. ಬೇಸಿಗೆಯ ಬೆಂಕಿ ಇಲ್ಲಿಯವರೆಗೆ ಬಂದು, ತಿನ್ನಲು ಏನೂ ಸಿಗದೆ ನಿಂತುಬಿಡಲಿ ಎಂಬ ಲೆಕ್ಕ. ಲೆಕ್ಕ ತಪ್ಪಿ ಬೆಂಕಿ ಆಚೆ ದಾಟಿದರೆ ಫೈರ್ ವಾಚರುಗಳು ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬಡಿಯಲು ನಿಲ್ಲುತ್ತಾರೆ. ಆಕಾಶದಲ್ಲಿ ಉಪಗ್ರಹ ಎಷ್ಟೇ ಇರಲಿ, ನೆಲದ ಮೇಲೆ ಇಂದಿಗೂ ಮುಖ್ಯ ಆಯುಧ ಆ ಸೊಪ್ಪಿನ ಕೊಂಬೆಯೇ.

2019ರ ಫೆಬ್ರುವರಿಯಲ್ಲಿ ಲೆಕ್ಕ ತಪ್ಪಿತು. 21ರಂದು ಹೊತ್ತಿದ ಬೆಂಕಿ ಐದು ದಿನ ಉರಿದು ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿದವು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂದು ಯಾರಾದರೂ ಆಗ ಅಂದಿದ್ದರೆ ತಪ್ಪೇನೂ ಆಗುತ್ತಿರಲಿಲ್ಲ. ನಮ್ಮ ಪತ್ರಿಕೆಗಳಲ್ಲಿ ಇಂಥ ಸುದ್ದಿಗೆ ಒಂದು ಸಿದ್ಧ ವಾಕ್ಯವಿದೆ: ‘ಕಿಡಿಗೇಡಿಗಳ ಕೃತ್ಯ.’

ಪದವೇನೋ ಚೆನ್ನಾಗಿದೆ. ಅದರೊಳಗೇ ಒಂದು ಕಿಡಿ ಕೂತಿದೆ. ತೊಂದರೆ ಏನೆಂದರೆ, ಆ ಪದ ಬಿದ್ದ ಕೂಡಲೇ ಮುಂದಿನ ಪ್ರಶ್ನೆಗಳೆಲ್ಲ ನಿಂತುಹೋಗುತ್ತವೆ. ಹಚ್ಚಿದವನು ಯಾರು, ಯಾವ ತಿಂಗಳಲ್ಲಿ ಹಚ್ಚಿದ, ಏಕೆ ಹಚ್ಚಿದ, ಹಚ್ಚಿದ್ದು ಅಷ್ಟು ದೂರ ಹಬ್ಬಲು ಕಾಡಿನಲ್ಲಿ ಏನು ಬದಲಾಗಿತ್ತು? ಉಷ್ಣವಲಯದ ಕಾಡ್ಗಿಚ್ಚಿನ ಬಗ್ಗೆ ಒಂದೂವರೆ ಶತಮಾನದಿಂದ ನಡೆದ ಅಧ್ಯಯನವನ್ನು ಒಟ್ಟಿಗೆ ಇಟ್ಟು ನೋಡಿದರೆ ಅದು ಈ ಕಿಡಿಗೇಡಿಯ ವಿಳಾಸ ಬದಲಾಗುತ್ತ ಹೋದ ಕತೆಯಂತೆ ಕಾಣುತ್ತದೆ. ಮೊದಲು ಕಟಕಟೆಯಲ್ಲಿ ನಿಂತವನು ಕಾಡು ಸವರಿ, ಸುಟ್ಟು, ಬಿತ್ತುವ ಕುಮರಿ ಬೇಸಾಯದ ಬಡವ. ಆಮೇಲೆ ಕಂಪನಿ, ಗರಗಸ, ಕಾಲುವೆ, ಬರ. ಇತ್ತೀಚೆಗೆ ಬೆಂಕಿಯನ್ನೇ ನಿಷೇಧಿಸಿದ ಕಾನೂನೂ ಅಲ್ಲಿ ಬಂದು ನಿಂತಿದೆ.

ವಿಚಾರಣೆ ಶುರುವಾದದ್ದು ನಮ್ಮ ಸೀಮೆಯಲ್ಲೇ. 1864ರಲ್ಲಿ ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ. ರೈಲು ಹಳಿಗೆ ಹಾಸಲು ಮರ ಬೇಕಿತ್ತು, ಹಡಗಿಗೆ ತೇಗ ಬೇಕಿತ್ತು. ಯುರೋಪಿನ ತಂಪು ಕಾಡು ನೋಡಿ ಬೆಳೆದ ಕಣ್ಣಿಗೆ ಪ್ರತಿ ಬೇಸಿಗೆ ಹೊಗೆಯಾಡುವ ನಮ್ಮ ಕಾಡು ದರಿದ್ರವಾಗಿ ಕಂಡಿತು. ಸಾತ್ಪುರ ಸಾಲಿನ ಬೋರಿ ಎಂಬ ಕಾಡಿನಲ್ಲಿ ಪಿಯರ್ಸನ್ ಎಂಬ ಸೇನಾಧಿಕಾರಿ 1860ರ ದಶಕದಲ್ಲಿ ಬೆಂಕಿ ಬೀಳದಂತೆ ಕಾದು ತೋರಿಸಿದ ಮೇಲೆ ಇದು ಸಾಧ್ಯ ಎಂಬ ಧೈರ್ಯ ಬಂತು. ಕೆನರಾ ಜಿಲ್ಲೆಯ ಕುಮರಿ ಬೇಸಾಯಕ್ಕೆ ಮದ್ರಾಸಿನ ಅರಣ್ಯಾಧಿಕಾರಿ ಹ್ಯೂ ಕ್ಲೆಗ್‌ಹಾರ್ನ್ ಕಾಲದಲ್ಲೇ ಕಡಿವಾಣ ಬಿದ್ದಿತ್ತು. 1878ರ ಅರಣ್ಯ ಕಾಯ್ದೆ, ಅದರ ನಂತರ 1927ರ ಕಾಯ್ದೆ, ಎರಡೂ ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ಅಪರಾಧವಾಗಿಸಿದವು.

ಆದರೆ ಕಾಡು ಕಾಯ್ದೆ ಓದಿರಲಿಲ್ಲ. ಬರ್ಮಾದ ತೇಗದ ಕಾಡುಗಳಲ್ಲಿ ಬೆಂಕಿ ನಿಲ್ಲಿಸಿದ ಮೇಲೆ ಬಿದಿರು, ನೆರಳಿನ ಪೊದೆಗಳು ಒತ್ತಾಗಿ ಬೆಳೆದವು. ಬೆಳಕು ಬೇಡುವ ತೇಗದ ಸಸಿಗಳೇ ಮಾಯವಾಗತೊಡಗಿದವು. 1896ರಲ್ಲಿ ಸ್ಲೇಡ್ ಎಂಬ ಅಧಿಕಾರಿ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ, ಬರ್ಮಾದಲ್ಲಿ ಬೆಂಕಿ ಕಾವಲು ಅತಿಯಾಯಿತು ಎಂಬ ತಲೆಬರಹದಲ್ಲೇ ಲೇಖನ ಬರೆದ. ಇಲಾಖೆಯ ಒಳಗಿನವನೇ ಇಲಾಖೆಯ ಮೂಲಮಂತ್ರವನ್ನು ಪ್ರಶ್ನಿಸಿದ್ದು ಸಣ್ಣ ಮಾತಲ್ಲ. ಬಂಗಾಳ, ಅಸ್ಸಾಮಿನ ಸಾಲ್ ಕಾಡುಗಳಿಂದಲೂ ಅದೇ ದೂರು ಬಂತು. ಮೊದಲ ಮಹಾಯುದ್ಧದ ಹೊತ್ತಿಗೆ ಬರ್ಮಾದ ತೇಗದ ಕಾಡುಗಳಲ್ಲಿ ಸಂಪೂರ್ಣ ಕಾವಲನ್ನು ಬಹುಮಟ್ಟಿಗೆ ಕೈಬಿಟ್ಟು, ಬೇಸಿಗೆ ಏರುವ ಮುಂಚೆ ತೆಳ್ಳಗೆ ಬೆಂಕಿ ಹಾಯಿಸುವ ಪದ್ಧತಿಗೆ ಬಂದರು. ಗಿರಿಜನರು ಮೊದಲಿನಿಂದ ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ. ಇಲಾಖೆ ಹಚ್ಚಿದರೆ ಶಾಸ್ತ್ರ, ಊರವನು ಹಚ್ಚಿದರೆ ಅಪರಾಧ ಎಂಬ ವಿಭಜನೆ ಮಾತ್ರ ಹಾಗೇ ಉಳಿಯಿತು. ಸ್ವಾತಂತ್ರ್ಯದ ನಂತರ ಆ ಚರ್ಚೆ ಮರೆತುಹೋಯಿತು, ಕಲಮುಗಳು ಉಳಿದುಕೊಂಡವು.

ಇದೆಲ್ಲ ಎಲೆ ಉದುರಿಸುವ ಒಣ ಕಾಡಿನ ಮಾತು. ಅಮೆಜಾನ್, ಬೋರ್ನಿಯೊದಂಥ ಮಳೆಕಾಡು ಸುಡುವುದೇ ಇಲ್ಲ ಎಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. ವರ್ಷವಿಡೀ ತೊಟ್ಟಿಕ್ಕುವ ಕಾಡಿಗೆ ಬೆಂಕಿ ಎಲ್ಲಿಂದ ಬರಬೇಕು? ಆ ನಂಬಿಕೆಯನ್ನು 1982–83ರ ಎಲ್ ನಿನೊ ಬರ ಮುರಿಯಿತು. ಬೋರ್ನಿಯೊದ ಪೂರ್ವ ಕಾಲಿಮಂತಾನಿನಲ್ಲಿ ತಿಂಗಳುಗಟ್ಟಲೆ ಮಳೆ ಬರಲಿಲ್ಲ. ಸುಮಾರು 35 ಲಕ್ಷ ಹೆಕ್ಟೇರ್ ಸುಟ್ಟಿತು. ಕರ್ನಾಟಕದಲ್ಲಿ ಈಗಿರುವ ಒಟ್ಟು ಅರಣ್ಯ ಹೊದಿಕೆಗಿಂತ ಇದು ಸ್ವಲ್ಪವೇ ಕಡಿಮೆ. ಇಷ್ಟು ದೊಡ್ಡ ಬೆಂಕಿ ಹೊರಜಗತ್ತಿಗೆ ಸರಿಯಾಗಿ ತಿಳಿದದ್ದು ಆರಿದ ಮೇಲೆ. ನಂತರ ಕಾಡು ಸುತ್ತಿದವರಿಗೆ ಒಂದು ವಿಷಯ ಎದ್ದು ಕಂಡಿತು: ಸುಟ್ಟದ್ದರಲ್ಲಿ ಅತಿ ದೊಡ್ಡ ಪಾಲು ಕಂಪನಿಗಳು ಆಗಲೇ ಮರ ಕಡಿದು ಹೋಗಿದ್ದ ಕಾಡು.

ಅದೇ ಹೊತ್ತಿಗೆ ಮಣ್ಣೊಳಗಿನ ಇದ್ದಿಲೂ ಸಾಕ್ಷಿ ಹೇಳಿತು. 1985ರಲ್ಲಿ ಅಮೆಜಾನಿನ ಮೇಲ್ಭಾಗದಿಂದ, 1989ರಲ್ಲಿ ಗೋಲ್ಡಾಮರ್ ಮತ್ತು ಜೈಬರ್ಟ್ ಅವರ ಅಧ್ಯಯನದ ಮೂಲಕ ಬೋರ್ನಿಯೊದಿಂದ, ಸಾವಿರಾರು ವರ್ಷ ಹಳೆಯ ಇದ್ದಿಲಿನ ಕಾಲಮಾಪನ ಪ್ರಕಟವಾಯಿತು. ಮಳೆಕಾಡೂ ಹಿಂದೆ ಸುಟ್ಟಿದೆ, ಆದರೆ ಶತಮಾನಗಳಿಗೊಮ್ಮೆ. ಈಗ ಮರಳಿ ಬರುತ್ತಿರುವ ವೇಗವೇ ಬೇರೆ. ಅದಕ್ಕೆ ಕಾರಣ ಹುಡುಕಬೇಕಿತ್ತು.

ಹುಡುಕಿದವರಲ್ಲಿ ಇಬ್ಬರ ಕೆಲಸ ನನಗೆ ಬಹಳ ಇಷ್ಟ, ಅದು ಅಷ್ಟು ಸರಳ ಎಂಬ ಕಾರಣಕ್ಕೆ. ಕ್ರಿಸ್ಟೊಫರ್ ಉಲ್ ಮತ್ತು ಬೂನ್ ಕಾಫ್‌ಮನ್ ಪೂರ್ವ ಅಮೆಜಾನಿನ ಪಾರಗೊಮಿನಾಸ್ ಎಂಬ ಊರಿನ ಸುತ್ತ ಕೇಳಿದ ಪ್ರಶ್ನೆ ಒಂದೇ: ಮಳೆ ನಿಂತ ಎಷ್ಟು ದಿನಕ್ಕೆ ಇಲ್ಲಿ ಬೆಂಕಿ ಹೊತ್ತಿಕೊಳ್ಳುತ್ತದೆ? ತರಗೆಲೆಯ ತೇವ, ನೆಲದ ಹತ್ತಿರದ ತೇವಾಂಶ, ಉಷ್ಣತೆ ಅಳೆದರು. ದನ ಮೇಯುವ ಹುಲ್ಲುಗಾವಲು ಒಂದು ದಿನಕ್ಕೆ ಸಿದ್ಧ. ಮರ ಕಡಿದ ಕಾಡು ಐದಾರು ದಿನಕ್ಕೆ. ಮುಟ್ಟದೆ ಬಿಟ್ಟ ಕಾಡು ತಿಂಗಳು ಕಳೆದರೂ ಹೊತ್ತಲಿಲ್ಲ. ಎಲ್ಲ ಕಡೆಯೂ ಅದೇ ಆಕಾಶ, ಅದೇ ಬಿಸಿಲು. ಕಡಿದ ಕಾಡಿನಲ್ಲಿ ಎರಡು ಸಂಗತಿ ಬದಲಾಗಿತ್ತು. ನೆತ್ತಿಯ ಚಪ್ಪರದಲ್ಲಿ ತೂತು ಬಿದ್ದು ಬಿಸಿಲು ನೆಲ ಮುಟ್ಟುತ್ತಿತ್ತು. ಬೆಲೆಬಾಳುವ ಒಂದು ಮರ ಎಳೆದುಕೊಂಡು ಹೋಗುವಾಗ ಮುರಿದು ಬಿದ್ದ ಹತ್ತಾರು ಗಿಡಗಳು ಅಲ್ಲೇ ಒಣಗಿ ಸೌದೆಯಾಗಿದ್ದವು. 1990ರಲ್ಲಿ ಪ್ರಕಟವಾದ ಈ ಲೇಖನದ ನಂತರ ಕಿಡಿಗಿಂತ ಸೌದೆ ಮುಖ್ಯ ಪ್ರಶ್ನೆಯಾಯಿತು.

ಮುಂದಿನ ಹೆಜ್ಜೆ ಮಾರ್ಕ್ ಕಾಕ್ರೇನ್ ಮತ್ತು ಡೇನಿಯಲ್ ನೆಪ್‌ಸ್ಟಾಡ್ ತಂಡಗಳದ್ದು. ಮಳೆಕಾಡಿನ ಮೊದಲ ಬೆಂಕಿ ನೋಡಲು ಭಯಂಕರವೇನೂ ಅಲ್ಲ. ತರಗೆಲೆಯ ಮೇಲೆ ಗೆರೆಯಂತೆ, ಕಣಕಾಲೆತ್ತರಕ್ಕೆ, ನಡೆದು ದಾಟಬಹುದಾದಷ್ಟು ನಿಧಾನವಾಗಿ ಹರಿಯುತ್ತದೆ. ಆದರೆ ಅಲ್ಲಿನ ಮರಗಳಿಗೆ ಬೆಂಕಿಯ ಅಭ್ಯಾಸವಿಲ್ಲ, ತೊಗಟೆ ತೆಳು. ನಮ್ಮ ತೇಗ, ಮತ್ತಿ, ದಿಂಡಿಗ ತಡೆದುಕೊಳ್ಳುವ ಶಾಖಕ್ಕೆ ಅವು ಬೇಯುತ್ತವೆ. ಮರ ಸತ್ತು, ಎಲೆ ಉದುರಿ, ಚಪ್ಪರ ಇನ್ನಷ್ಟು ತೆರೆದು, ಹುಲ್ಲು ನುಗ್ಗಿ, ಎರಡನೆಯ ಬೆಂಕಿ ಮೊದಲಿಗಿಂತ ಜೋರಾಗುತ್ತದೆ. ಮೂರನೆಯದರ ಹೊತ್ತಿಗೆ ಅದನ್ನು ಕಾಡೆಂದು ಕರೆಯುವುದೇ ಕಷ್ಟ. ಈ ವಿಷಚಕ್ರವನ್ನು 1999ರಲ್ಲಿ ಅವರು ಲೆಕ್ಕಸಹಿತ ತೋರಿಸಿದರು.

ಇದನ್ನು ಪರೀಕ್ಷಿಸಬೇಕಾದರೆ ಕಾಡಿಗೆ ಬೇಕೆಂದೇ ಬೆಂಕಿ ಹಚ್ಚಬೇಕು. ಬ್ರೆಜಿಲಿನ ಮಾಟೊ ಗ್ರೊಸೊ ರಾಜ್ಯದ ಟಾಂಗುರೊ ಎಂಬ ದೊಡ್ಡ ಜಮೀನಿನಲ್ಲಿ 2004ರಿಂದ ಅದನ್ನೂ ಮಾಡಿದರು. ಐವತ್ತು ಐವತ್ತು ಹೆಕ್ಟೇರಿನ ಮೂರು ತುಂಡು. ಒಂದನ್ನು ಮುಟ್ಟಲಿಲ್ಲ. ಇನ್ನೊಂದನ್ನು ಹೆಚ್ಚುಕಡಿಮೆ ವರ್ಷವರ್ಷವೂ ಸುಟ್ಟರು, ಮತ್ತೊಂದನ್ನು ಮೂರು ವರ್ಷಕ್ಕೊಮ್ಮೆ. ಮೂರು ವರ್ಷಕ್ಕೊಮ್ಮೆ ಸುಟ್ಟ ತುಂಡಿನಲ್ಲೇ ಹೆಚ್ಚು ಮರ ಸತ್ತವು, ಏಕೆಂದರೆ ನಡುವೆ ಸೌದೆ ಕೂಡಿಕೊಳ್ಳಲು ಸಮಯ ಸಿಗುತ್ತಿತ್ತು. ಇದಕ್ಕಿಂತ ಮುಖ್ಯವಾದದ್ದು 2007ರ ಬರ. ಅದುವರೆಗೆ ಸಾಧಾರಣವಾಗಿದ್ದ ಸಾವು ಆ ವರ್ಷದ ಬೆಂಕಿಯ ನಂತರ ಒಮ್ಮೆಲೇ ಏರಿತು. ಪಾಲೊ ಬ್ರಾಂಡೊ, ಜೆನಿಫರ್ ಬಾಲ್ಚ್ ಮತ್ತಿತರರು 2014ರಲ್ಲಿ ಇದನ್ನು ಬರೆದಾಗ ಅರ್ಥ ಸ್ಪಷ್ಟವಿತ್ತು. ಬೆಂಕಿ ಒಂದೇ, ಬರ ಒಂದೇ ಬಂದರೆ ಕಾಡು ತಾಳಿಕೊಂಡೀತು. ಕೂಡಿ ಬಂದರೆ ಇಲ್ಲ.

ಲೂಯಿಸ್ ಅರಗಾವ್ ಮತ್ತು ಶಿಮಾಬುಕುರೊ 2010ರಲ್ಲಿ ಆಡಳಿತಗಾರರಿಗೆ ಇರಿಸುಮುರಿಸಾಗುವ ಇನ್ನೊಂದು ಸಂಗತಿ ಎತ್ತಿದರು. ಅಮೆಜಾನಿನಲ್ಲಿ ಕಾಡು ಕಡಿತ ಇಳಿದ ಪ್ರದೇಶಗಳ ಪೈಕಿ ಶೇ 59ರಲ್ಲಿ ಬೆಂಕಿ ಏರಿತ್ತು. ಕೊಡಲಿ ನಿಲ್ಲಿಸಿದರೆ ಬೆಂಕಿಯೂ ನಿಲ್ಲುತ್ತದೆ ಎಂಬ ಭರವಸೆಯ ಮೇಲೆ ಅಂತರರಾಷ್ಟ್ರೀಯ ಇಂಗಾಲದ ಯೋಜನೆಗಳೇ ನಿಂತಿದ್ದವು. ಕಡಿದ ಜಮೀನಿನ ಅಂಚು, ಪ್ರತಿ ವರ್ಷ ಹುಲ್ಲು ಸುಡುವ ರೂಢಿ, ಇವೆರಡು ಉಳಿದಿರುವ ತನಕ ಕಿಡಿಗೆ ಬರಗಾಲವಿಲ್ಲ.

ಇಷ್ಟಾದರೂ ‘ಯಾರು, ಏಕೆ’ ಎಂಬ ಪ್ರಶ್ನೆಗೆ ಹತ್ತಿರದಿಂದ ಉತ್ತರ ಹುಡುಕಿದ್ದು ಇಂಡೊನೇಷ್ಯದಲ್ಲಿ. ಅಲ್ಲಿನ ಕತೆಗೆ ಕಾಡಿಗಿಂತ ನೆಲ ಮುಖ್ಯ. ಸುಮಾತ್ರ, ಬೋರ್ನಿಯೊದ ಕರಾವಳಿ ತಗ್ಗುಗಳಲ್ಲಿ ಪೀಟ್ ಎಂಬ ಕಪ್ಪು ನೆಲವಿದೆ. ಬಿದ್ದ ಎಲೆ, ಬೇರು, ಕೊಂಬೆಗಳು ನೀರಿನಲ್ಲಿ ಮುಳುಗಿ, ಕೊಳೆಯದೆ, ಸಾವಿರಾರು ವರ್ಷ ಕೂಡಿಕೊಂಡು ಆದದ್ದು. ಕೆಲವೆಡೆ ಆಳ ಹತ್ತು ಮೀಟರಿಗೂ ಹೆಚ್ಚು. ನೀರು ತುಂಬಿರುವ ತನಕ ಅದಕ್ಕೆ ಬೆಂಕಿಯ ಭಯವಿಲ್ಲ. ನೀರು ಬಸಿದರೆ ಇಡೀ ನೆಲವೇ ಸೌದೆ.

1995ರಲ್ಲಿ ಅಧ್ಯಕ್ಷ ಸುಹಾರ್ತೊ ಮಧ್ಯ ಕಾಲಿಮಂತಾನಿನ ಇಂಥ ಹತ್ತು ಲಕ್ಷ ಹೆಕ್ಟೇರ್ ನೆಲವನ್ನು ಭತ್ತದ ಗದ್ದೆ ಮಾಡಲು ಆಜ್ಞೆ ಹೊರಡಿಸಿದ. ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ಕಾಲುವೆ ತೋಡಿದರು. ಭತ್ತ ಬೆಳೆಯಲಿಲ್ಲ. ನೀರು ಬಸಿಯಿತು. ಎರಡೇ ವರ್ಷಕ್ಕೆ, 1997ರಲ್ಲಿ, ದೊಡ್ಡ ಎಲ್ ನಿನೊ ಬಂತು. ಪೀಟ್ ನೆಲದ ಬೆಂಕಿ ಮೇಲೆ ಆರಿದಂತೆ ಕಂಡರೂ ಒಳಗೆ ಹೊಗೆಯಾಡುತ್ತ ಹರಿದು ಬೇರೆಲ್ಲೋ ಏಳುತ್ತದೆ. ನಿಜವಾದ ಮಳೆ ಬರುವ ತನಕ ಸಾಯುವುದಿಲ್ಲ. ಸೂಸನ್ ಪೇಜ್ ತಂಡ ಸುಟ್ಟ ನೆಲದಲ್ಲಿ ಎಷ್ಟು ಆಳ ಇಳಿದಿದೆ ಎಂದು ಅಳೆಯಿತು: ಸರಾಸರಿ ಅರ್ಧ ಮೀಟರ್. ಅದರಿಂದ ಲೆಕ್ಕ ಹಾಕಿ, ಆ ಒಂದು ವರ್ಷ ಇಂಡೊನೇಷ್ಯದ ಬೆಂಕಿಯಿಂದ 81 ಕೋಟಿಯಿಂದ 257 ಕೋಟಿ ಟನ್ ಇಂಗಾಲ ಗಾಳಿಗೆ ಸೇರಿತೆಂದು 2002ರಲ್ಲಿ ಬರೆದರು. ಜಗತ್ತು ವರ್ಷಕ್ಕೆ ಕಲ್ಲಿದ್ದಲು, ಎಣ್ಣೆ ಸುಟ್ಟು ಬಿಡುವುದರ ಶೇ 13ರಿಂದ 40ರಷ್ಟು. ಕೆಳಗಿನ ಅಂಕಿಗೂ ಮೇಲಿನ ಅಂಕಿಗೂ ಮೂರು ಪಟ್ಟು ಅಂತರವಿದೆ ಎಂದು ಮೂಗು ಮುರಿದವರಿದ್ದರು. ಕೆಳಗಿನ ಅಂಕಿ ಹಿಡಿದರೂ ಸಾಕು, ಒಂದು ಪ್ರದೇಶದ ಬೆಂಕಿ ಇಡೀ ಭೂಮಿಯ ಲೆಕ್ಕಪುಸ್ತಕದಲ್ಲಿ ಜಾಗ ಹಿಡಿದಿತ್ತು.

ಬೆಂಕಿಗೆ ಕಾರಣ ಯಾರೆಂದರೆ ಸರ್ಕಾರದ ಬಾಯಲ್ಲಿ ಹಳೆಯ ಉತ್ತರ ಸಿದ್ಧವಿತ್ತು: ಸ್ಥಳ ಬದಲಿಸುತ್ತ ಬೇಸಾಯ ಮಾಡುವವರು. 1997ರ ಸೆಪ್ಟೆಂಬರಿನಲ್ಲಿ ಆ ಉತ್ತರ ಬದಲಾಯಿತು. ಅರಣ್ಯ ಸಚಿವರು ಉಪಗ್ರಹ ತೋರಿಸಿದ ಬೆಂಕಿ ಚುಕ್ಕೆಗಳನ್ನು ಭೂನಕ್ಷೆಯ ಮೇಲಿಟ್ಟು 176 ಕಂಪನಿಗಳ ಹೆಸರನ್ನು ಬಹಿರಂಗಪಡಿಸಿದರು. ತೋಟ ಎಬ್ಬಿಸಲು ಕಾಡು ಸವರುವ ಅಗ್ಗದ ದಾರಿ ಬೆಂಕಿ ಎಂಬುದು ಕಂಪನಿಗಳಿಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಓದಿದಾಗ ನನಗೆ ಇರಾವತಿ ಕರ್ವೆಯವರ ‘ಯುಗಾಂತ’ ನೆನಪಾಗುತ್ತದೆ. ಖಾಂಡವವನ ಸುಟ್ಟದ್ದು ಅಗ್ನಿಯ ಅಜೀರ್ಣ ಕಳೆಯಲು ಎಂದು ಪುರಾಣ ಹೇಳಿದರೆ, ಕರ್ವೆ ಅದರಲ್ಲಿ ಬೇಸಾಯಕ್ಕೆ ಭೂಮಿ ಬಿಡಿಸಿಕೊಂಡ ಕೆಲಸವನ್ನು ಕಂಡರು. ಅಲ್ಲಿನ ನಿವಾಸಿಗಳು ಏನಾದರು ಎಂದೂ ಕೇಳಿದರು.

ಆ ಪ್ರಶ್ನೆಯನ್ನೇ ಇಂಡೊನೇಷ್ಯದ ಬೋಗೋರಿನಲ್ಲಿ ನೆಲೆಯಿರುವ ಅಂತರರಾಷ್ಟ್ರೀಯ ಅರಣ್ಯ ಸಂಶೋಧನಾ ಕೇಂದ್ರ, ಅಂದರೆ ಸಿಫೋರ್, ಮತ್ತು ಅದರ ಜೊತೆಗಾರ ಸಂಸ್ಥೆ ಇಕ್ರಾಫ್ ಕೈಗೆತ್ತಿಕೊಂಡವು. ಸುಮಾತ್ರ, ಕಾಲಿಮಂತಾನಿನ ಎಂಟು ಜಾಗ ಆರಿಸಿ, ಉಪಗ್ರಹ ಚಿತ್ರ ಹಿಡಿದು ಹಳ್ಳಿಗೆ ಹೋದರು. ಹಳ್ಳಿಯವರಿಂದ ಅವರ ಊರಿನ ನಕ್ಷೆ ಬರೆಸಿದರು. ಈ ತೋಟ ಯಾರದ್ದು, ಈ ಹಳೇ ರಬ್ಬರ್ ಯಾರು ನೆಟ್ಟದ್ದು, ಕಂಪನಿಯ ಬೇಲಿ ಬಂದದ್ದು ಯಾವಾಗ, ಬೆಂಕಿ ಮೊದಲು ಕಂಡದ್ದು ಎಲ್ಲಿ. ಎರಡು ನಕ್ಷೆ ಒಂದರ ಮೇಲೊಂದು ಇಟ್ಟಾಗ ಒಂದೇ ತೆರನಾದ ಚುಕ್ಕೆಗಳ ಹಿಂದೆ ನಾಲ್ಕು ಬೇರೆ ಬೇರೆ ಬೆಂಕಿ ಕಂಡವು. ಭೂಮಿ ಸವರಲು ಹಚ್ಚಿದ್ದು. ಕೈ ತಪ್ಪಿ ಹಬ್ಬಿದ್ದು. ಮೀನು ಹಿಡಿಯಲು, ದಾರಿ ಮಾಡಿಕೊಳ್ಳಲು, ಕಾಡಿನ ಉತ್ಪನ್ನ ತರಲು ಹೋದಾಗ ಹಚ್ಚಿದ್ದು. ನಾಲ್ಕನೆಯದು ಆಯುಧವಾಗಿ ಹಚ್ಚಿದ್ದು: ಜನರನ್ನು ಎಬ್ಬಿಸಲು ಕಂಪನಿ ಕಡೆಯವರು ಊರಿನ ತೋಟಕ್ಕೆ, ಕಳೆದುಕೊಂಡ ಭೂಮಿಯ ಸಿಟ್ಟಿಗೆ ಊರಿನವರು ಕಂಪನಿಯ ತೋಟಕ್ಕೆ. ರೋನಾ ಡೆನ್ನಿಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಲೇಖನದ ಹೆಸರಿನಲ್ಲೇ ಬೆಂಕಿ, ಜನ, ಉಪಗ್ರಹದ ಚುಕ್ಕೆ ಮೂರೂ ಇದ್ದವು. ಹಕ್ಕುಪತ್ರದ ಜಗಳಕ್ಕೆ ಫೈರ್ ಎಂಜಿನ್ ಕಳಿಸಿ ಪ್ರಯೋಜನವಿಲ್ಲ ಎಂಬುದು ಅದರ ಸಾರ. ಈ ಕ್ಷೇತ್ರದಲ್ಲಿ ನಾನು ಓದಿದ್ದರಲ್ಲಿ ಆಡಳಿತಕ್ಕೆ ಅತ್ಯಂತ ಉಪಯುಕ್ತ ಸಂಶೋಧನೆ ಇದೇ ಅನ್ನಿಸುತ್ತದೆ. ಆಡಳಿತ ಅತ್ಯಂತ ಕಡಿಮೆ ಬಳಸಿಕೊಂಡದ್ದೂ ಇದನ್ನೇ.

ಅದೇ ಕೇಂದ್ರದ ಲೂಕಾ ತಕೋನಿ 2003ರಲ್ಲಿ ಇನ್ನೊಂದು ಗೋಜಲು ಬಿಡಿಸಿದರು. ಪಕ್ಕದ ದೇಶಗಳನ್ನು ಮುಸುಕಿದ ಹೊಗೆ ಒಂದು ಸಮಸ್ಯೆ, ಕಾಡು ನಾಶ ಇನ್ನೊಂದು. ಎಲ್ಲ ಬೆಂಕಿಯೂ ಸಮಸ್ಯೆಯೇ ಅಲ್ಲ. ಹೊಗೆಯ ಬಹುಪಾಲು ಪೀಟ್ ನೆಲದ್ದಾದ್ದರಿಂದ ಕಾವಲು ಅಲ್ಲಿ ಬಿಗಿಯಾಗಲಿ, ಗುಡ್ಡದ ಬಡವನ ಒಂದೆಕರೆ ಬೆಂಕಿಯ ಮೇಲೆ ಬೇಡ ಎಂಬುದು ಅವರ ವಾದ. ಆಸಿಯಾನ್ ದೇಶಗಳು ಗಡಿ ದಾಟುವ ಹೊಗೆಯ ಬಗ್ಗೆ 2002ರಲ್ಲಿ ಒಪ್ಪಂದ ಮಾಡಿಕೊಂಡವು. ಹೊಗೆಯ ತವರಾದ ಇಂಡೊನೇಷ್ಯ ಅದನ್ನು ಅನುಮೋದಿಸಿದ್ದು 2014ರಲ್ಲಿ, ಎಲ್ಲರಿಗಿಂತ ಕೊನೆಗೆ. 2009ರ ಪರಿಸರ ಕಾನೂನಿನಲ್ಲಿ ಸ್ಥಳೀಯ ಪದ್ಧತಿಯಂತೆ ಕುಟುಂಬವೊಂದು ಎರಡು ಹೆಕ್ಟೇರ್ ತನಕ ಸುಡಲು ವಿನಾಯಿತಿ ಕೊಟ್ಟರು. ಪೀಟ್ ನೆಲದ ನೀರು 40 ಸೆಂಟಿಮೀಟರಿಗಿಂತ ಕೆಳಗೆ ಇಳಿಯಬಾರದು ಎಂಬ ನಿಯಮವೂ 2014ರಲ್ಲಿ ಬಂತು.

ಮರುವರ್ಷವೇ ಎಲ್ ನಿನೊ. 2015ರಲ್ಲಿ 26 ಲಕ್ಷ ಹೆಕ್ಟೇರ್ ಸುಟ್ಟಿತು. ಇಂಡೊನೇಷ್ಯಕ್ಕೆ 1,600 ಕೋಟಿ ಡಾಲರ್ ನಷ್ಟವೆಂದು ವಿಶ್ವಬ್ಯಾಂಕ್ ಲೆಕ್ಕ ಹಾಕಿತು. ಹೊಗೆಯಿಂದ ಇಂಡೊನೇಷ್ಯ, ಮಲೇಷ್ಯ, ಸಿಂಗಪುರದಲ್ಲಿ ಒಂದು ಲಕ್ಷ ಅಕಾಲ ಮರಣ ಎಂದು ಅಮೆರಿಕದ ವಿಜ್ಞಾನಿಗಳ ತಂಡ ಅಂದಾಜಿಸಿತು. 2016ರ ಜನವರಿಯಲ್ಲಿ ಪೀಟ್ ನೆಲ ಪುನಶ್ಚೇತನಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. ಕೆಲಸ, ತೋಡಿದ ಕಾಲುವೆಗಳಿಗೆ ಒಡ್ಡು ಹಾಕುವುದು. ಇಪ್ಪತ್ತು ವರ್ಷದ ಸಂಶೋಧನೆ ಹೇಳಿದ್ದನ್ನು ಸರ್ಕಾರ ಕೊನೆಗೂ ಕೇಳಿಸಿಕೊಂಡಿತ್ತು, ಅರ್ಧ ಕಿವಿಯಲ್ಲಿ. 2019ರಲ್ಲಿ ಮತ್ತೆ 16 ಲಕ್ಷ ಹೆಕ್ಟೇರ್ ಸುಟ್ಟಿತು.

ಉಪಗ್ರಹದ ಮಾತು ಬಂದದ್ದರಿಂದ ಎರಡು ಮಾತು. ಹವಾಮಾನಕ್ಕೆಂದು ಹಾರಿಸಿದ್ದ ಉಪಗ್ರಹಗಳನ್ನು 1980ರ ದಶಕದಲ್ಲಿ ಬೆಂಕಿ ಹುಡುಕಲು ಬಳಸಿಕೊಂಡರು. 1999ರ ನಂತರ ಮೋಡಿಸ್ ಎಂಬ ಉಪಕರಣ ಬಂತು, ಆಮೇಲೆ 375 ಮೀಟರಿನಷ್ಟು ಸಣ್ಣ ತುಂಡು ನೋಡಬಲ್ಲ ವಿಯರ್ಸ್. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದ ಉಪಗ್ರಹಕ್ಕೆ ಕಂಡ ಬೆಂಕಿಯ ಸೂಚನೆ ರವಾನಿಸುತ್ತಿದೆ. ಈಗ ಅದು ರೇಂಜರ್ ಮೊಬೈಲಿಗೇ ಬರುತ್ತದೆ. ಚುಕ್ಕೆಗೆ ಉದ್ದೇಶ ಗೊತ್ತಿರುವುದಿಲ್ಲ, ಅಷ್ಟೇ. ಅಂಕಿ ಹೇಳುವುದೂ ಸುಲಭವಲ್ಲ. ಬ್ರೆಜಿಲಿನ ಬಾಹ್ಯಾಕಾಶ ಸಂಸ್ಥೆ ಇನ್ಪೆಯ ಆಗಿನ ನಿರ್ದೇಶಕ ರಿಕಾರ್ಡೊ ಗಲ್ವಾವ್, ಅರಣ್ಯನಾಶದ ಅಂಕಿಗಳನ್ನು ಅಧ್ಯಕ್ಷರು ಸುಳ್ಳೆಂದಾಗ ಬಹಿರಂಗವಾಗಿ ಸಮರ್ಥಿಸಿಕೊಂಡರು. 2019ರ ಆಗಸ್ಟಿನಲ್ಲಿ ಕೆಲಸ ಹೋಯಿತು. ಅದೇ ತಿಂಗಳು ಅಮೆಜಾನಿನ ಬೆಂಕಿ ಲೋಕದ ಸುದ್ದಿಯಾಯಿತು.

ನಮ್ಮ ಘಟ್ಟಕ್ಕೆ ಮರಳೋಣ. ಬಂಡೀಪುರಕ್ಕೆ ಅಂಟಿಕೊಂಡ ಮುದುಮಲೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ತಂಡ 1988ರಲ್ಲಿ 50 ಹೆಕ್ಟೇರ್ ಕಾಡನ್ನು ಅಳತೆಗೆ ತೆಗೆದುಕೊಂಡಿತು. ಬೆರಳು ದಪ್ಪದ ಗಿಡವನ್ನೂ ಬಿಡದೆ ನಂಬರ್ ಕಟ್ಟಿ, ಎದೆಮಟ್ಟದಲ್ಲಿ ಗಾತ್ರ ಅಳೆದು, ಬದುಕಿದ್ದು ಸತ್ತದ್ದು ವರ್ಷವರ್ಷ ದಾಖಲಿಸುತ್ತ ಬಂದರು. ಬೆಂಕಿ ಬಿದ್ದ ವರ್ಷಗಳಲ್ಲಿ ದೊಡ್ಡ ಮರಗಳು ತಡೆದುಕೊಂಡವು, ಸಣ್ಣವು ಸತ್ತವು. ಎಷ್ಟೋ ಬುಡದಿಂದ ಮತ್ತೆ ಚಿಗುರಿದವು. ಕೆಲವು ಜಾತಿಯ ಗಿಡಗಳಿಗೆ ಬೆಂಕಿಗಿಂತ ಆನೆಯೇ ಹೆಚ್ಚು ಮಾರಕ ಎಂಬುದೂ ಇದೇ ಲೆಕ್ಕದಿಂದ ಹೊರಬಿತ್ತು. ಮೂವತ್ತು ವರ್ಷ ಒಂದೇ ಕಾಡನ್ನು ನೋಡಿದರಷ್ಟೇ ಇಂಥದ್ದು ತಿಳಿಯುತ್ತದೆ.

ಅಮೆಜಾನಿನ ವಿಷಚಕ್ರ ಗುರುತಿಸಿದ ಕಾಕ್ರೇನ್ ಜೊತೆ ಸೇರಿ ನರೇಂದ್ರನ್ ಕೋದಂಡಪಾಣಿ ಮತ್ತು ಸುಕುಮಾರ್ 2004ರಲ್ಲಿ ಹಳೆಯ ಇಲಾಖಾ ದಾಖಲೆಗಳನ್ನೂ ಹೊಸ ನಕ್ಷೆಗಳನ್ನೂ ಹೋಲಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುದುಮಲೆಯ ಒಂದು ಜಾಗಕ್ಕೆ ಸರಾಸರಿ ಹತ್ತು ವರ್ಷಕ್ಕೊಮ್ಮೆ ಬೆಂಕಿ ಬರುತ್ತಿತ್ತು. ಆ ಶತಮಾನದ ಕೊನೆಗೆ ಮೂರು ವರ್ಷ ಚಿಲ್ಲರೆಗೊಮ್ಮೆ. ಕಾವಲು ಹೆಚ್ಚಾದ ಕಾಲದಲ್ಲೇ ಬೆಂಕಿಯೂ ಮೂರು ಪಟ್ಟಾಗಿತ್ತು.

ಇನ್ನೊಂದು ಎಳೆ ಬಿಳಿಗಿರಿರಂಗನ ಬೆಟ್ಟದ್ದು. ಅಲ್ಲಿನ ಸೋಲಿಗರು ಹಚ್ಚುತ್ತಿದ್ದುದು ‘ತರಗು ಬೆಂಕಿ.’ ಬೇಸಿಗೆಯ ಆರಂಭದಲ್ಲಿ, ನೆಲದಲ್ಲಿನ್ನೂ ತುಸು ತಂಪಿರುವಾಗ, ಉದುರಿದ ತರಗೆಲೆ ಮಾತ್ರ ಸುಡುವಷ್ಟು ಬೆಂಕಿ. 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ನಿಂತಿತು. ಲಂಟಾನ ಎಂಬ ಪರದೇಶಿ ಪೊದೆ ಹಬ್ಬಿತು. ಅದಕ್ಕೂ ಮೊದಲೇ ಅಲ್ಲಿತ್ತು, ಆದರೆ ತರಗು ಬೆಂಕಿ ಸಸಿಯಲ್ಲೇ ಅದನ್ನು ಸುಡುತ್ತಿತ್ತು ಎನ್ನುತ್ತಾರೆ ಸೋಲಿಗರು. ಬೆಂಗಳೂರಿನ ಏಟ್ರೀ ಸಂಸ್ಥೆಯ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ್ ಬೆಟ್ಟದ ತುಂಬ ಗುರುತು ಮಾಡಿದ ಜಾಗಗಳನ್ನು ಎರಡು ಬಾರಿ ಪರಿಶೀಲಿಸಿದರು. 1997ರಲ್ಲಿ ಶೇ 41 ಜಾಗಗಳಲ್ಲಿ ಲಂಟಾನವಿತ್ತು; 2008ರಲ್ಲಿ ಶೇ 81ರಲ್ಲಿ. ಆಳೆತ್ತರದ ಲಂಟಾನ ಒಣಗಿದರೆ ನೆಲದ ಬೆಂಕಿ ಏಣಿ ಹತ್ತಿದಂತೆ ಮರದ ನೆತ್ತಿಗೇರುತ್ತದೆ. ಸಣ್ಣ ಬೆಂಕಿ ನಿಂತದ್ದರಿಂದ ದೊಡ್ಡ ಬೆಂಕಿಗೆ ಸೌದೆ ಸಿದ್ಧವಾಯಿತು. ಸೋಲಿಗರು ಇನ್ನೊಂದನ್ನೂ ಹೇಳುತ್ತಿದ್ದರು: ನೆಲ್ಲಿ ಮರ ಹಿಡಿಯುವ ಬಂದಣಿಕೆ, ಅವರ ಮಾತಿನಲ್ಲಿ ಉಪ್ಪಿಲು, ಬೆಂಕಿ ನಿಂತ ಮೇಲೆ ಹೆಚ್ಚಿತು ಎಂದು. ಲೂಸಿ ರಿಸ್ಟ್, ಉಮಾಶಂಕರ್ ಮೊದಲಾದವರು 2010ರಲ್ಲಿ ಆ ಮಾತನ್ನು ಹಗುರವಾಗಿ ತಳ್ಳಿಹಾಕದೆ, ಪರೀಕ್ಷೆಗೆ ಯೋಗ್ಯವಾದ ತಿಳಿವಳಿಕೆಯೆಂದು ಬರೆದರು.

ಹಾಗೆಂದು ನಾಳೆಯೇ ಎಲ್ಲ ಕಡೆ ಕಡ್ಡಿ ಗೀರಬಹುದು ಎಂದಲ್ಲ. ತರಗು ಬೆಂಕಿ ನಡೆಯುತ್ತಿದ್ದ ಕಾಡಿನಲ್ಲಿ ಲಂಟಾನ ಈ ಪ್ರಮಾಣದಲ್ಲಿ ಇರಲಿಲ್ಲ. ಈಗಿನ ಪೊದೆಗೆ ಜನವರಿಯ ಬೆಂಕಿಯೂ ಕೈಮೀರಬಹುದು. ಮೊದಲು ಲಂಟಾನ ಕಿತ್ತು, ಆಮೇಲೆ ಬೆಂಕಿ ಹಾಯಿಸಿ, ಫಲಿತಾಂಶ ಅಳೆಯಬೇಕು. ಟಾಂಗುರೊದಲ್ಲಿ ಮಾಡಿದಂಥ ದೀರ್ಘಕಾಲದ ಪ್ರಯೋಗ ನಮ್ಮ ಘಟ್ಟದ ಒಣ ಕಾಡಿಗೂ ಬೇಕು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮತ್ತು ಸಂಗಡಿಗರು 2011ರಿಂದ ಮಂಡಿಸುತ್ತಿರುವ ವಾದ ಇನ್ನೂ ಮುಂದೆ ಹೋಗುತ್ತದೆ. ನಾವು ಒಣ ಎಲೆಯುದುರು ಕಾಡೆಂದು ಕರೆಯುವ ಎಷ್ಟೋ ಪ್ರದೇಶ ನಿಜಕ್ಕೂ ಸವನ್ನಾ, ಅಂದರೆ ಮರ ಹುಲ್ಲು ಎರಡೂ ಬೆರೆತ ಬಯಲು. ಹುಲ್ಲಿಗೆ ಬೆಂಕಿ ಬೇಕು. ತಪ್ಪು ಹೆಸರಿಟ್ಟದ್ದರಿಂದಲೇ ತಪ್ಪು ನೀತಿ ಬಂತು ಎನ್ನುತ್ತಾರೆ. ಕುದುರೆಮುಖದ ಶೋಲೆಗೂ ಬಂಡೀಪುರದ ತೇಗಕ್ಕೂ ಒಂದೇ ಬೆಂಕಿ ನೀತಿ ಇಟ್ಟುಕೊಂಡಿರುವ ನಮಗೆ ಈ ಮಾತು ತಟ್ಟಬೇಕು.

ಬೇರೆ ಕಡೆ ಕಾನೂನು ನಿಧಾನವಾಗಿ ಹೊರಳುತ್ತಿದೆ. ಉತ್ತರ ಆಸ್ಟ್ರೇಲಿಯದ ಆರ್ನೆಮ್ ಲ್ಯಾಂಡಿನಲ್ಲಿ 2006ರಿಂದ ಮೂಲನಿವಾಸಿ ಕಾವಲುಗಾರರು ಒಣ ಋತುವಿನ ಆರಂಭದಲ್ಲೇ ಸಣ್ಣ ಬೆಂಕಿ ಹಚ್ಚಿ ದೊಡ್ಡದನ್ನು ತಡೆಯುತ್ತಾರೆ. ಹೀಗೆ ತಡೆದ ಹೊಗೆಗೆ ಅನಿಲ ಕಂಪನಿಯೊಂದು ಹಣ ಕೊಡಲು ಒಪ್ಪಿತ್ತು. ಬ್ರೆಜಿಲ್ 2024ರ ಜುಲೈನಲ್ಲಿ ತಂದ ಕಾಯ್ದೆ, ನಂದಿಸುವುದರ ಜೊತೆಗೆ ನಿಯಂತ್ರಿತವಾಗಿ ಸುಡುವುದನ್ನೂ ಸ್ಥಳೀಯರ ಬೆಂಕಿ ಪದ್ಧತಿಯನ್ನೂ ನೀತಿಯೊಳಗೆ ತಂದಿತು. ಆದರೂ ಅದೇ 2024ರಲ್ಲಿ ಉಷ್ಣವಲಯ 67 ಲಕ್ಷ ಹೆಕ್ಟೇರ್ ಮೂಲ ಅರಣ್ಯ ಕಳೆದುಕೊಂಡಿತು. ಬೇಸಾಯವನ್ನೂ ಹಿಂದಿಕ್ಕಿ ಬೆಂಕಿಯೇ ಮೊದಲ ಕಾರಣವಾದದ್ದು ಆ ಲೆಕ್ಕ ಶುರುವಾದ ಮೇಲೆ ಅದೇ ಮೊದಲು.

ನಮ್ಮಲ್ಲಿ 2018ರಲ್ಲಿ ರಾಷ್ಟ್ರೀಯ ಕಾಡ್ಗಿಚ್ಚು ಕ್ರಿಯಾಯೋಜನೆ ಬಂತು. ಅದು ಸಮುದಾಯದ ಪಾಲುದಾರಿಕೆಯ ಮಾತನ್ನೂ ಆಡುತ್ತದೆ. 2011ರ ಅಕ್ಟೋಬರಿನಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಗಳು ಸಿಕ್ಕಿದವು. ಹುಲಿ ಮೀಸಲು ಪ್ರದೇಶವೊಂದರಲ್ಲಿ ಇದು ದೇಶದಲ್ಲೇ ಮೊದಲು. ಆ ಹಕ್ಕುಗಳಿಗೆ ಆಧಾರವಾದ 2006ರ ಕಾಯ್ದೆಯ ಪಟ್ಟಿಯಲ್ಲಿ ಕಿರು ಅರಣ್ಯ ಉತ್ಪನ್ನವಿದೆ, ಮೀನಿದೆ, ಮೇವಿದೆ, ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕೂ ಇದೆ. ಬೆಂಕಿ ಎಂಬ ಪದವಿಲ್ಲ. 1972ರ ವನ್ಯಜೀವಿ ಕಾಯ್ದೆಯ 30ನೇ ಕಲಮಿನಲ್ಲಿ ಅದಿದೆ. ಅಭಯಾರಣ್ಯದಲ್ಲಿ ಬೆಂಕಿ ಹಚ್ಚಬಾರದು ಎನ್ನುವ ಆ ಕಲಮು ಜನವರಿಯ ತರಗು ಬೆಂಕಿಯನ್ನೂ ಏಪ್ರಿಲಿನ ಕಾಡ್ಗಿಚ್ಚನ್ನೂ ಇಂದಿಗೂ ಒಂದೇ ಎಂದು ಎಣಿಸುತ್ತದೆ.